ಅಜೇಯ ತಂಡ ಒಂದೇ ವರ್ಷದಲ್ಲಿ ತಳ ಕಂಡದ್ದು ಹೇಗೆ: ಫ್ಲಾರಿಡಾ ಸ್ಟೇಟ್ ಫುಟ್‌ಬಾಲ್‌ನ ಸೋಲಿನ ಲೆಕ್ಕ

2023ರ ಡಿಸೆಂಬರ್ 2ರಂದು ಷಾರ್ಲಟ್ ನಗರದಲ್ಲಿ ಲೂಯಿವಿಲ್ ತಂಡವನ್ನು 16–6ರಿಂದ ಮಣಿಸಿದಾಗ ಫ್ಲಾರಿಡಾ ಸ್ಟೇಟ್ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡ ಆ ಋತುವಿನಲ್ಲಿ ಆಡಿದ 13 ಪಂದ್ಯಗಳನ್ನೂ ಗೆದ್ದು ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸ್ ಎಂಬ ವಿಶ್ವವಿದ್ಯಾಲಯಗಳ ಲೀಗ್‌ನ ಚಾಂಪಿಯನ್ ಆಗಿತ್ತು. ಅದಾಗಿ ಒಂದು ವರ್ಷ ತುಂಬಲು ಇನ್ನೆರಡು ದಿನವಿದ್ದಾಗ, 2024ರ ನವೆಂಬರ್ 30ರಂದು, ಅದೇ ತಂಡ ಟ್ಯಾಲಹಾಸಿಯ ತನ್ನ ಸ್ವಂತ ಮೈದಾನದಲ್ಲಿ ನೆರೆಯ ಫ್ಲಾರಿಡಾ ವಿಶ್ವವಿದ್ಯಾಲಯಕ್ಕೆ 31–11ರಿಂದ ಸೋತು, 12 ಪಂದ್ಯಗಳಲ್ಲಿ ಹತ್ತನೆಯ ಸೋಲನ್ನು ಬರೆಸಿಕೊಂಡಿತು. ತರಬೇತುದಾರ ಅದೇ ಮೈಕ್ ನೋರ್ವೆಲ್, ಕ್ರೀಡಾಂಗಣ ಅದೇ ಡೋಕ್ ಕ್ಯಾಂಪ್‌ಬೆಲ್, ಬೆಂಬಲಿಗರೂ ಅವರೇ. ಮರುವರ್ಷವೂ ತಂಡ ಐದು ಗೆದ್ದು ಏಳು ಸೋತಿತು. ಇಷ್ಟಾದರೂ 2026ರ ಋತುವಿಗೆ ನೋರ್ವೆಲ್ ಅವರೇ ಮುಂದುವರಿಯುತ್ತಿದ್ದಾರೆ. ಈ ಮೂರು ವರ್ಷಗಳ ಕಥೆಯನ್ನು ಒಬ್ಬ ಕೋಚ್‌ನ ಏಳುಬೀಳು ಎಂದು ಓದಿದರೆ ಅದರ ಬಹುಪಾಲು ಕೈತಪ್ಪುತ್ತದೆ. ಅಮೆರಿಕದ ಕಾಲೇಜು ಕ್ರೀಡೆಯ ಹಣಕಾಸು ಈಚೆಗೆ ಹೇಗೆ ಬದಲಾಗಿದೆ ಎಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಇನ್ನೊಂದು ಉದಾಹರಣೆ ಸಿಗುವುದು ಕಷ್ಟ.

ಇದು ಕಾಲಿನಿಂದ ಒದೆಯುವ ಫುಟ್‌ಬಾಲ್ ಅಲ್ಲ. ಮೊಟ್ಟೆಯಾಕಾರದ ಚೆಂಡನ್ನು ಹಿಡಿದು ಓಡುವ, ಎಸೆಯುವ, ನಾಲ್ಕು ಯತ್ನಗಳಲ್ಲಿ ಹತ್ತು ಗಜ ಮುಂದೆ ಸಾಗಬೇಕಾದ ಅಮೆರಿಕನ್ ಫುಟ್‌ಬಾಲ್. ಮಕ್ಕಳನ್ನು ಅಮೆರಿಕಕ್ಕೆ ಓದಲು ಕಳಿಸುವ ನಮ್ಮ ಪೋಷಕರು ವಿಶ್ವವಿದ್ಯಾಲಯಗಳ ರ‍್ಯಾಂಕ್ ಎಂದಾಗ ಒಂದು ಪಟ್ಟಿಯನ್ನು ನೋಡುತ್ತಾರೆ, ಅಲ್ಲಿನ ಹಳೆಯ ವಿದ್ಯಾರ್ಥಿಗಳು ಬೇರೆಯೇ ಪಟ್ಟಿಯನ್ನು ನೋಡುತ್ತಾರೆ. ಬಹಳಷ್ಟು ರಾಜ್ಯಗಳಲ್ಲಿ ಸರ್ಕಾರಿ ನೌಕರರ ಪೈಕಿ ಅತಿ ಹೆಚ್ಚು ಸಂಬಳ ಪಡೆಯುವವರು ರಾಜ್ಯಪಾಲರಾಗಲಿ ಕುಲಪತಿಯಾಗಲಿ ಅಲ್ಲ, ಸರ್ಕಾರಿ ವಿಶ್ವವಿದ್ಯಾಲಯದ ಫುಟ್‌ಬಾಲ್ ಅಥವಾ ಬ್ಯಾಸ್ಕೆಟ್‌ಬಾಲ್ ಕೋಚ್. ನಿಯಮಿತ ಋತುವಿಗೆ ಹನ್ನೆರಡೇ ಪಂದ್ಯಗಳಿರುವುದರಿಂದ ಒಂದೊಂದು ಸೋಲಿನ ಭಾರವೂ ದೊಡ್ಡದು. ಆರು ಗೆದ್ದರೆ ಋತುವಿನ ಕೊನೆಯಲ್ಲಿ 'ಬೌಲ್' ಎಂಬ ಹೆಚ್ಚುವರಿ ಪಂದ್ಯಕ್ಕೆ ಅರ್ಹತೆ ಸಿಗುತ್ತದೆ. ಆರಕ್ಕಿಂತ ಕಡಿಮೆಯಾದರೆ ನವೆಂಬರ್ ಕೊನೆಗೆ ಮನೆಗೆ.

ಫ್ಲಾರಿಡಾ ಸ್ಟೇಟ್‌ಗೆ ಸೋಲು ತೀರಾ ಹೊಸದೇನೂ ಅಲ್ಲ. 1973ರಲ್ಲಿ ಆಡಿದ 11 ಪಂದ್ಯಗಳನ್ನೂ, 1974ರಲ್ಲಿ 11ರಲ್ಲಿ 10ನ್ನೂ ಸೋತ ತಂಡವದು. 1976ರಲ್ಲಿ ಬಾಬಿ ಬೌಡನ್ ಬಂದ ಮೇಲೆ ಅದು ದೇಶದ ದೊಡ್ಡ ಹೆಸರುಗಳಲ್ಲಿ ಒಂದಾಯಿತು. 1993 ಮತ್ತು 1999ರಲ್ಲಿ ಅವರ ಕೈಯಲ್ಲಿ, 2013ರಲ್ಲಿ ಜಿಂಬೊ ಫಿಶರ್ ಅವರ ಕೈಯಲ್ಲಿ ರಾಷ್ಟ್ರೀಯ ಪ್ರಶಸ್ತಿ ಗೆದ್ದಿತು. ಸತತ 36 ಋತುಗಳ ಕಾಲ ಬೌಲ್ ಪಂದ್ಯ ಆಡಿದ ಪರಂಪರೆ 2018ರಲ್ಲಿ ವಿಲ್ಲಿ ಟ್ಯಾಗರ್ಟ್ ಅವರ ಮೊದಲ ವರ್ಷದಲ್ಲೇ ಮುರಿಯಿತು. ಎರಡನೆಯ ಋತು ಮುಗಿಯುವ ಮೊದಲೇ ಅವರನ್ನು ಕಳಿಸಿದ ವಿಶ್ವವಿದ್ಯಾಲಯ, ಒಪ್ಪಂದ ಮುರಿದದ್ದಕ್ಕಾಗಿ ಸುಮಾರು 1.8 ಕೋಟಿ ಡಾಲರ್ ಕೊಡಬೇಕಾಯಿತು. ಆ ಮೊತ್ತಕ್ಕೆ ಅಂದು ಎಲ್ಲರೂ ಹುಬ್ಬೇರಿಸಿದ್ದರು. ಟ್ಯಾಗರ್ಟ್ ಬಿಟ್ಟ ಜಾಗಕ್ಕೆ ಮೆಂಫಿಸ್‌ನಿಂದ ಬಂದವರೇ ನೋರ್ವೆಲ್. 2020ರಲ್ಲಿ ಮೂರು ಗೆಲುವು, 2021ರಲ್ಲಿ ಐದು. ಅದೇ 2021ರಲ್ಲಿ ಕೆಳದರ್ಜೆಯ ಜಾಕ್ಸನ್‌ವಿಲ್ ಸ್ಟೇಟ್ ತಂಡಕ್ಕೆ ತವರಿನಲ್ಲೇ ಕೊನೆಯ ಕ್ಷಣದ ಎಸೆತದಲ್ಲಿ ಸೋತ ಅವಮಾನವೂ ಆಯಿತು. ಆನಂತರ 2022ರಲ್ಲಿ 10 ಗೆಲುವು, 2023ರಲ್ಲಿ 13. ನಿಧಾನವಾಗಿ ಕಟ್ಟಿ ಎತ್ತರಕ್ಕೆ ಏರಿಸಿದ ತಂಡ ಎಂಬ ಮಾತು ಆಗ ಎಲ್ಲೆಡೆ ಕೇಳಿಬಂತು. ಆ ಮಾತು ಎಷ್ಟು ನಿಜ ಎಂಬಲ್ಲಿಂದಲೇ ಈ ಸೋಲಿನ ವಿಶ್ಲೇಷಣೆ ಆರಂಭವಾಗಬೇಕು.

2024ರ ಕುಸಿತಕ್ಕೆ ಬೆಂಬಲಿಗರಲ್ಲಿ ಹೆಚ್ಚು ಚಾಲ್ತಿಯಲ್ಲಿರುವ ವಿವರಣೆ ಅನ್ಯಾಯದ್ದು. 2023ರ ನವೆಂಬರ್‌ನಲ್ಲಿ ಆಕ್ರಮಣವನ್ನು ಮುನ್ನಡೆಸಿ ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ಜೋರ್ಡನ್ ಟ್ರಾವಿಸ್ ಕಾಲಿಗೆ ಗಂಭೀರ ಪೆಟ್ಟಾಯಿತು; ಅವರಿಲ್ಲದ ತಂಡ ಮೊದಲಿನಷ್ಟು ಬಲಿಷ್ಠವಲ್ಲವೆಂದು ಭಾವಿಸಿದ ಆಯ್ಕೆ ಸಮಿತಿ, ಒಂದೂ ಪಂದ್ಯ ಸೋಲದ ಫ್ಲಾರಿಡಾ ಸ್ಟೇಟನ್ನು ಬದಿಗಿಟ್ಟು ಒಂದು ಸೋಲು ಕಂಡಿದ್ದ ಅಲಬಾಮಾವನ್ನು ರಾಷ್ಟ್ರೀಯ ಪ್ರಶಸ್ತಿ ನಿರ್ಧರಿಸುವ ನಾಲ್ಕು ತಂಡಗಳ ಪ್ಲೇಆಫ್‌ಗೆ ಸೇರಿಸಿತು. ಐದು ದೊಡ್ಡ ಕಾನ್ಫರೆನ್ಸ್‌ಗಳ ಅಜೇಯ ಚಾಂಪಿಯನ್ ಒಂದನ್ನು ಪ್ಲೇಆಫ್‌ನಿಂದ ಹೊರಗಿಟ್ಟದ್ದು ಅದೇ ಮೊದಲು. ಅಲ್ಲಿಂದ ಎಲ್ಲವೂ ಕಳಚಿಕೊಂಡಿತು, ಆಟಗಾರರ ಮನಸ್ಸು ಮುರಿಯಿತು, ಹಲವರು ಋತುವಿನ ಕೊನೆಯ ಆರೆಂಜ್ ಬೌಲ್ ಪಂದ್ಯ ಆಡಲೇ ಇಲ್ಲ, ಜಾರ್ಜಿಯಾ 63–3ರಿಂದ ಬಡಿಯಿತು ಎಂಬುದು ಆ ವಾದ. ಸಮಿತಿಯ ತೀರ್ಮಾನ ಅನ್ಯಾಯದ್ದೇ ಎಂದು ನನಗೂ ಅನಿಸುತ್ತದೆ. ಮರುವರ್ಷದಿಂದ ಪ್ಲೇಆಫ್ ಹನ್ನೆರಡು ತಂಡಗಳಿಗೆ ವಿಸ್ತರಿಸಿದ್ದು ಆ ಗಾಯಕ್ಕೆ ಇನ್ನಷ್ಟು ಉಪ್ಪು ಸವರಿತು. ಆದರೆ ಆರೆಂಜ್ ಬೌಲ್‌ನ ಆ 60 ಅಂಕಗಳ ಅಂತರ, ಬೌಲ್ ಪಂದ್ಯಗಳ ಇತಿಹಾಸದಲ್ಲೇ ಅತಿ ದೊಡ್ಡದು, ಒಂದು ಅಪವಾದವೆಂದು ಪಕ್ಕಕ್ಕೆ ಸರಿಸಬಹುದಾದದ್ದಲ್ಲ. ತಾರೆಗಳನ್ನು ತೆಗೆದುಬಿಟ್ಟರೆ ಆ ತಂಡದಲ್ಲಿ ಉಳಿಯುವುದೇನು ಎಂಬುದು ಅಂದು ಟಿವಿಯಲ್ಲಿ ಎಲ್ಲರಿಗೂ ಕಂಡಿತ್ತು. ಮುಂದಿನ ಆಗಸ್ಟ್‌ನಲ್ಲಿ ಪತ್ರಕರ್ತರ ಮತಪಟ್ಟಿ ಅದನ್ನು ಮರೆತು ತಂಡಕ್ಕೆ ದೇಶದಲ್ಲೇ ಹತ್ತನೆಯ ಸ್ಥಾನ ಕೊಟ್ಟಿತು.

ಆ ತಾರೆಗಳು ಬಂದದ್ದೆಲ್ಲಿಂದ? ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ಗೆ ಕಾಲೇಜು ಆಟಗಾರರನ್ನು ಆರಿಸುವ 2024ರ ಡ್ರಾಫ್ಟ್‌ನಲ್ಲಿ ಅಲ್ಲಿನ ತಂಡಗಳು ಫ್ಲಾರಿಡಾ ಸ್ಟೇಟ್‌ನ 10 ಮಂದಿಯನ್ನು ಆರಿಸಿಕೊಂಡವು. ಅವರಲ್ಲಿ ಪ್ರೌಢಶಾಲೆಯಿಂದ ನೇರವಾಗಿ ಟ್ಯಾಲಹಾಸಿಗೆ ಬಂದವರು ರೆನಾರ್ಡೊ ಗ್ರೀನ್ ಒಬ್ಬರೇ. ಜೇರೆಡ್ ವರ್ಸ್ ಆಲ್ಬನಿಯಿಂದ, ಕಿಯೋನ್ ಕೋಲ್‌ಮನ್ ಮಿಷಿಗನ್ ಸ್ಟೇಟ್‌ನಿಂದ, ಬ್ರೇಡನ್ ಫಿಸ್ಕ್ ವೆಸ್ಟರ್ನ್ ಮಿಷಿಗನ್‌ನಿಂದ, ಟ್ರೇ ಬೆನ್ಸನ್ ಆರೆಗಾನ್‌ನಿಂದ, ಜಾನಿ ವಿಲ್ಸನ್ ಅರಿಜೋನಾ ಸ್ಟೇಟ್‌ನಿಂದ. ಟ್ರಾವಿಸ್ ಕೂಡ ಲೂಯಿವಿಲ್‌ನಲ್ಲಿ ಆರಂಭಿಸಿದವರೇ. ಹತ್ತರಲ್ಲಿ ಒಂಬತ್ತು ಮಂದಿ ಬೇರೆ ವಿಶ್ವವಿದ್ಯಾಲಯಗಳಿಂದ ವಲಸೆ ಬಂದವರು. ಇದು ನಾಚಿಕೆಪಡಬೇಕಾದ ಸಂಗತಿಯೇನಲ್ಲ. ಹೊರಗಿನ ಪ್ರತಿಭೆಯನ್ನು ಗುರುತಿಸಿ, ಒಗ್ಗಿಸಿಕೊಂಡು ಆಡಿಸುವುದರಲ್ಲಿ ನೋರ್ವೆಲ್ ಅವರಷ್ಟು ಯಶಸ್ವಿಯಾದವರು ಆ ಎರಡು ವರ್ಷಗಳಲ್ಲಿ ಹೆಚ್ಚು ಮಂದಿ ಇರಲಿಲ್ಲ. ಆದರೆ 2023ರ ತಂಡ ಬಹುಮಟ್ಟಿಗೆ ಹೀಗೆ ಕೂಡಿಸಿದ ತಂಡ, ಅದರ ಅವಧಿ ಮುಗಿದಾಗ ಒಟ್ಟಿಗೇ ಮುಗಿಯಿತು.

ಇದಕ್ಕೆ ದಾರಿ ಮಾಡಿಕೊಟ್ಟದ್ದು ಬೆರಳೆಣಿಕೆಯ ವರ್ಷಗಳಲ್ಲಿ ಬದಲಾದ ನಿಯಮಗಳು. ಮೊದಲೆಲ್ಲ ವಿಶ್ವವಿದ್ಯಾಲಯ ಬದಲಿಸಿದ ಫುಟ್‌ಬಾಲ್ ಆಟಗಾರ ಒಂದು ವರ್ಷ ಆಡದೆ ಕೂರಬೇಕಿತ್ತು. 2018ರಲ್ಲಿ ವರ್ಗಾವಣೆ ಬಯಸುವವರ ಹೆಸರು ನಮೂದಿಸುವ 'ಟ್ರಾನ್ಸ್‌ಫರ್ ಪೋರ್ಟಲ್' ಬಂತು, 2021ರಲ್ಲಿ ಒಂದು ಬಾರಿ ಕಾಯದೆ ಬದಲಿಸುವ ಅವಕಾಶ ಸಿಕ್ಕಿತು, ನ್ಯಾಯಾಲಯದಲ್ಲಿ ಹಿನ್ನಡೆಯಾದ ಮೇಲೆ 2024ರ ಏಪ್ರಿಲ್‌ನಲ್ಲಿ ಕಾಲೇಜು ಕ್ರೀಡೆಯ ನಿಯಂತ್ರಣ ಸಂಸ್ಥೆ ಎನ್‌ಸಿಎಎ ಓದಿನಲ್ಲಿ ಅರ್ಹತೆ ಉಳಿಸಿಕೊಂಡವರು ಎಷ್ಟು ಸಲ ಬೇಕಾದರೂ ಬದಲಿಸಬಹುದೆಂದು ಒಪ್ಪಿತು. ಇತ್ತ 2021ರ ಜುಲೈ 1ರಿಂದ ಆಟಗಾರರು ತಮ್ಮ ಹೆಸರು ಮತ್ತು ಚಿತ್ರದ ಬಳಕೆಗೆ ಹಣ ಪಡೆಯಬಹುದಾಯಿತು. ಆ ಹಣವನ್ನು ಹೊಂದಿಸಲು ದಾನಿಗಳ ಕೂಟಗಳು ಹುಟ್ಟಿಕೊಂಡವು. ಎರಡೂ ಸೇರಿದ ಫಲವಾಗಿ ಪ್ರತಿ ಚಳಿಗಾಲದಲ್ಲೂ ಒಂದು ಬಯಲು ಮಾರುಕಟ್ಟೆ ನೆರೆಯುತ್ತದೆ. ಐಪಿಎಲ್ ನೋಡುವ ನಮಗೆ ಆಟಗಾರರ ಕೊಡುಕೊಳ್ಳುವಿಕೆ ಹೊಸದಲ್ಲ, ಆದರೆ ಅಲ್ಲಿ ಫ್ರಾಂಚೈಸಿಗೆ ಖರ್ಚಿನ ಮಿತಿಯಿದೆ, ಯಾರನ್ನು ಉಳಿಸಿಕೊಳ್ಳಬಹುದೆಂಬ ನಿಯಮವಿದೆ, ದೊಡ್ಡ ಹರಾಜಿಗೆ ಇಂತಿಷ್ಟು ವರ್ಷವೆಂಬ ಗಡುವಿದೆ. 2024ರ ಕಾಲೇಜು ಫುಟ್‌ಬಾಲ್‌ನಲ್ಲಿ ಈ ಮೂರೂ ಇರಲಿಲ್ಲ.

ಹಾಗಾಗಿ ಹೋದವರ ಜಾಗಕ್ಕೆ ಮತ್ತೆ ಹೊರಗಿನವರನ್ನೇ ತರಲಾಯಿತು. ಕ್ಲೆಮ್‌ಸನ್‌ನಲ್ಲಿ ಆರಂಭಿಸಿ ಆರೆಗಾನ್ ಸ್ಟೇಟ್‌ಗೆ ಹೋಗಿದ್ದ ಕ್ವಾರ್ಟರ್‌ಬ್ಯಾಕ್ ಡಿ.ಜೆ. ಉಯಿಅಂಗಲೆಲೆ ಬಂದರು, ಅಲಬಾಮಾದಿಂದ, ಜಾರ್ಜಿಯಾದಿಂದ, ಲೂಯಿಸಿಯಾನಾ ಸ್ಟೇಟ್‌ನಿಂದ (ಎಲ್‌ಎಸ್‌ಯು) ಹೆಸರಾಂತ ಹುಡುಗರು ಬಂದರು. ಕಾಗದದ ಮೇಲೆ ಹಿಂದಿನದಕ್ಕಿಂತ ಈ ಗುಂಪಿನ ವಂಶಾವಳಿಯೇ ದೊಡ್ಡದು. ಇಲ್ಲಿ ನನಗೆ ಕಾಣುವ ಒಂದು ವ್ಯತ್ಯಾಸವಿದೆ: 2022–23ರಲ್ಲಿ ಬಂದ ವರ್ಸ್, ಫಿಸ್ಕ್ ಅವರಂಥವರು ಸಣ್ಣ ಕಾಲೇಜುಗಳಲ್ಲಿ ಮೈದಾನಕ್ಕಿಳಿದು ಮಿಂಚಿ, ದೊಡ್ಡ ವೇದಿಕೆಗಾಗಿ ಹಸಿದು ಬಂದವರು, 2024ರಲ್ಲಿ ಬಂದ ಹಲವರು ದೊಡ್ಡ ತಂಡಗಳಲ್ಲಿ ನಿರಂತರವಾಗಿ ಆಡುವ ಅವಕಾಶ ಸಿಗದೆ ಹೊರಬಂದವರು. ಮೊದಲ ಗುಂಪನ್ನು ಅದರ ಆಟ ನೋಡಿ, ಎರಡನೆಯದನ್ನು ಅದು ಬಂದ ತಂಡದ ಹೆಸರು ನೋಡಿ ಆರಿಸಿದಂತಿತ್ತು.

ಮೊದಲ ಪಂದ್ಯವೇ ಅದನ್ನು ಬಯಲಿಗೆಳೆಯಿತು. 2024ರ ಆಗಸ್ಟ್ 24ರಂದು ಐರ್ಲೆಂಡಿನ ಡಬ್ಲಿನ್‌ನಲ್ಲಿ ಜಾರ್ಜಿಯಾ ಟೆಕ್ ಎದುರಾಳಿ. 21–21ರ ಸಮಬಲದಲ್ಲಿ ಚೆಂಡು ಪಡೆದ ಜಾರ್ಜಿಯಾ ಟೆಕ್, ಹೆಚ್ಚೇನೂ ಚಮತ್ಕಾರ ಮಾಡದೆ, ಓಟದ ಮೇಲೆ ಓಟ ಹೂಡುತ್ತ, ಮೂರು ಗಜ, ಐದು ಗಜ ಎಂದು ಫ್ಲಾರಿಡಾ ಸ್ಟೇಟ್‌ನ ಮುಂಚೂಣಿಯನ್ನು ತಳ್ಳುತ್ತ ಗಡಿಯಾರವನ್ನೇ ನುಂಗಿಹಾಕಿತು. ಕೊನೆಗೆ 44 ಗಜ ದೂರದಿಂದ ಒದ್ದ ಚೆಂಡು ಕಂಬಗಳ ನಡುವೆ ಹಾದುಹೋದಾಗ ಸಮಯವೂ ಮುಗಿದಿತ್ತು, 24–21. ಕಂಬಗಳ ನಡುವೆ ಹೋದ ಚೆಂಡಿಗಿಂತ ಅದಕ್ಕೆ ಮುಂಚಿನ ಆ ದೀರ್ಘ ಆಕ್ರಮಣವೇ ಹೆಚ್ಚು ಹೇಳುತ್ತದೆ. ಎದುರಾಳಿ ಏನು ಮಾಡುತ್ತಾನೆಂದು ಗೊತ್ತಿದ್ದೂ ತಡೆಯಲಾಗದಿದ್ದರೆ ಅದು ಅದೃಷ್ಟದ ಪ್ರಶ್ನೆಯಲ್ಲ, ಮುಂಚೂಣಿಯ ಬಲದ ಪ್ರಶ್ನೆ. ಎಂಟು ತಿಂಗಳ ಹಿಂದೆ ಅದೇ ಮುಂಚೂಣಿಯಲ್ಲಿ ವರ್ಸ್ ಮತ್ತು ಫಿಸ್ಕ್ ನಿಂತಿದ್ದರು.

ಆಮೇಲೆ ಬಾಸ್ಟನ್ ಕಾಲೇಜಿಗೆ 28–13, ನೋರ್ವೆಲ್ ಅವರ ಹಳೆಯ ಮೆಂಫಿಸ್‌ಗೆ 20–12. ಉಯಿಅಂಗಲೆಲೆ ಕೈಗೆ ಪೆಟ್ಟಾಗಿ ಋತು ಕಳೆದುಕೊಂಡದ್ದು ಐದನೆಯ ಪಂದ್ಯದಲ್ಲಿ, ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯದ (ಎಸ್‌ಎಂಯು) ವಿರುದ್ಧ. ಅಷ್ಟರಲ್ಲಿ ನಾಲ್ಕರಲ್ಲಿ ಮೂರು ಸೋತಾಗಿತ್ತು. ಆದ್ದರಿಂದ ಕ್ವಾರ್ಟರ್‌ಬ್ಯಾಕ್ ಗಾಯಗೊಂಡದ್ದೇ ಕಾರಣವೆಂಬ ವಾದಕ್ಕೆ ತಾರೀಖುಗಳೇ ಅಡ್ಡಬರುತ್ತವೆ. ಅನಂತರ ಅನುಭವವಿಲ್ಲದ ಹುಡುಗರು ಆ ಜಾಗದಲ್ಲಿ ನಿಂತರು, ಅವರನ್ನು ಕಾಯಬೇಕಾದ ಗೋಡೆ ಪ್ರತಿ ವಾರ ಬಿರುಕುಬಿಟ್ಟಿತು. ಇಡೀ ಋತುವಿನಲ್ಲಿ ತಂಡ ಗಳಿಸಿದ್ದು 185 ಅಂಕ, ಅಂದರೆ ಪಂದ್ಯಕ್ಕೆ 15.4. ಅದರಲ್ಲಿ 41 ಬಂದದ್ದು ಕೆಳದರ್ಜೆಯ ಚಾರ್ಲ್ಸ್‌ಟನ್ ಸದರ್ನ್ ವಿರುದ್ಧ. ಅದನ್ನು ಬಿಟ್ಟರೆ ಸರಾಸರಿ 13ರ ಆಸುಪಾಸಿಗೆ ಇಳಿಯುತ್ತದೆ, ಡಬ್ಲಿನ್‌ನಲ್ಲಿ ಹೊಡೆದ 21ನ್ನು ಮತ್ತೆ ಯಾವ ಸಮದರ್ಜೆಯ ತಂಡದ ಮೇಲೂ ದಾಟಲಾಗಲಿಲ್ಲ. ಅದುವರೆಗೆ ಒಮ್ಮೆಯೂ ಫ್ಲಾರಿಡಾ ಸ್ಟೇಟನ್ನು ಸೋಲಿಸದಿದ್ದ ಡ್ಯೂಕ್ 23–16ರಿಂದ ಗೆದ್ದಿತು. ನವೆಂಬರ್ 9ರಂದು ನೋಟ್ರೆ ಡೇಮ್ 52–3ರಿಂದ ಸೋಲಿಸಿದ ಮರುದಿನ ಆಕ್ರಮಣ ಹಾಗೂ ರಕ್ಷಣೆ ಎರಡೂ ವಿಭಾಗಗಳ ಸಂಯೋಜಕರನ್ನು, ಜೊತೆಗೆ ಇನ್ನೊಬ್ಬ ಸಹಾಯಕ ಕೋಚ್‌ನನ್ನು ಮನೆಗೆ ಕಳಿಸಲಾಯಿತು. ಮುಖ್ಯ ಕೋಚ್ ಉಳಿದರು.

ಆ ವರ್ಷದ ಏಕೈಕ ಗೌರವದ ಗೆಲುವು, ಕ್ಯಾಲಿಫೋರ್ನಿಯಾ ವಿರುದ್ಧದ 14–9, ಈಗ ಹಿಂದಿರುಗಿ ನೋಡಿದರೆ ವಿಚಿತ್ರವಾಗಿ ಕಾಣುತ್ತದೆ. ಅಂದು ಸೋತ ತಂಡದ ಕ್ವಾರ್ಟರ್‌ಬ್ಯಾಕ್ ಫರ್ನಾಂಡೊ ಮೆಂಡೋಜಾ ಮರುವರ್ಷ ಇಂಡಿಯಾನಾಗೆ ಹೋಗಿ, ಕಾಲೇಜು ಫುಟ್‌ಬಾಲ್‌ನ ಅತ್ಯುನ್ನತ ವೈಯಕ್ತಿಕ ಗೌರವವಾದ ಹೈಸ್ಮನ್ ಪ್ರಶಸ್ತಿ ಪಡೆದು, ಇಂಡಿಯಾನಾಗೆ ರಾಷ್ಟ್ರೀಯ ಪ್ರಶಸ್ತಿಯನ್ನೂ ಗೆದ್ದುಕೊಟ್ಟರು. ಬಾಸ್ಟನ್ ಕಾಲೇಜಿನ ಪರ ಆಡಿ ಫ್ಲಾರಿಡಾ ಸ್ಟೇಟನ್ನು ಸೋಲಿಸಿದ್ದ ಕ್ವಾರ್ಟರ್‌ಬ್ಯಾಕ್ ಟಾಮಿ ಕಾಸ್ಟೆಲಾನೋಸ್ 2025ರಲ್ಲಿ ಫ್ಲಾರಿಡಾ ಸ್ಟೇಟ್‌ಗೇ ಬಂದು ಆಡಿದರು. ಇನ್ನು ಟ್ರಾವಿಸ್ ಹಂಟರ್: ಪ್ರೌಢಶಾಲೆಯಲ್ಲಿದ್ದಾಗ ಟ್ಯಾಲಹಾಸಿಗೆ ಬರುವುದಾಗಿ ಮಾತು ಕೊಟ್ಟಿದ್ದ ಈ ಹುಡುಗ 2021ರ ಡಿಸೆಂಬರ್‌ನಲ್ಲಿ, ಸಹಿ ಹಾಕುವ ದಿನವೇ, ಮನಸ್ಸು ಬದಲಿಸಿ ಜಾಕ್ಸನ್ ಸ್ಟೇಟ್‌ಗೆ ಹೋದ, ಅಲ್ಲಿ ಕೋಚ್ ಆಗಿದ್ದವರು ಫ್ಲಾರಿಡಾ ಸ್ಟೇಟ್‌ನದೇ ಹಳೆಯ ದಿಗ್ಗಜ ಡಿಯೋನ್ ಸ್ಯಾಂಡರ್ಸ್. ಟ್ಯಾಲಹಾಸಿಯ ತಂಡ ಹತ್ತು ಸೋತ ಅದೇ 2024ರಲ್ಲಿ ಹಂಟರ್ ಕೊಲರಾಡೊ ಪರ ಹೈಸ್ಮನ್ ಗೆದ್ದರು. ಪ್ರೌಢಶಾಲೆಯ ಪ್ರತಿಭೆಗಳನ್ನು ಹಿಡಿದಿಡಲಾಗದ ಈ ದೌರ್ಬಲ್ಯ 2022 ಮತ್ತು 2023ರಲ್ಲಿ ಕಾಣಲಿಲ್ಲ, ಏಕೆಂದರೆ ಆ ಖಾಲಿ ಜಾಗವನ್ನು ಪೋರ್ಟಲ್ ತುಂಬುತ್ತಿತ್ತು. ಮೂರು ನಾಲ್ಕು ವರ್ಷ ತಂಡದಲ್ಲೇ ಬೆಳೆದು ಪಕ್ವವಾಗಬೇಕಾದ ಹುಡುಗರ ಸಾಲು ತೆಳ್ಳಗಾಗಿದ್ದು ಪೋರ್ಟಲ್‌ನ ಆಯ್ಕೆ ಕೈಕೊಟ್ಟ ವರ್ಷ ಒಮ್ಮೆಲೇ ಬಯಲಾಯಿತು.

ಇಷ್ಟಾದ ಮೇಲೆ ಕೋಚ್‌ನನ್ನು ಬದಲಿಸಬಹುದಿತ್ತಲ್ಲವೇ ಎಂಬ ಸಹಜ ಪ್ರಶ್ನೆಗೆ ಉತ್ತರ 2024ರ ಜನವರಿಯಲ್ಲಿದೆ. ಆ ತಿಂಗಳ 10ರಂದು ಅಲಬಾಮಾದ ನಿಕ್ ಸೇಬನ್ ನಿವೃತ್ತಿ ಘೋಷಿಸಿದರು, ಅವರ ಉತ್ತರಾಧಿಕಾರಿಯಾಗಬಲ್ಲವರ ಪಟ್ಟಿಯಲ್ಲಿ ನೋರ್ವೆಲ್ ಹೆಸರೂ ಓಡಾಡಿತು. ಅವರನ್ನು ಉಳಿಸಿಕೊಳ್ಳಲು ಫ್ಲಾರಿಡಾ ಸ್ಟೇಟ್ ಕೆಲವೇ ದಿನಗಳಲ್ಲಿ ಎಂಟು ವರ್ಷಗಳ, ವರ್ಷಕ್ಕೆ ಸರಾಸರಿ 1 ಕೋಟಿ ಡಾಲರ್‌ಗೂ ಹೆಚ್ಚಿನ ಹೊಸ ಒಪ್ಪಂದ ಮಾಡಿಕೊಂಡಿತು. 13 ಗೆಲುವಿನ ಬಿಸಿ ಇನ್ನೂ ಆರಿರಲಿಲ್ಲ, 63–3ರ ಸೋಲಿಗೆ ಎರಡು ವಾರವಾಗಿತ್ತಷ್ಟೆ. ಹತ್ತು ಸೋಲಿನ ಋತು ಮುಗಿಯುವ ಹೊತ್ತಿಗೆ ಅವರನ್ನು ತೆಗೆದುಹಾಕಲು ಕೊಡಬೇಕಾದ ಪರಿಹಾರ 6 ಕೋಟಿ ಡಾಲರ್ ದಾಟಿತ್ತು. ಅದೇ ಹೊತ್ತಿಗೆ ಕ್ರೀಡಾಂಗಣದ ದೊಡ್ಡ ನವೀಕರಣ ನಡೆದಿತ್ತು. ಟಿವಿ ಪ್ರಸಾರದ ಆದಾಯ ಸಾಲದೆಂದು ವಿಶ್ವವಿದ್ಯಾಲಯ ತನ್ನ ಕಾನ್ಫರೆನ್ಸ್ ಮೇಲೆಯೇ 2023ರ ಡಿಸೆಂಬರ್‌ನಲ್ಲಿ ಹೂಡಿದ್ದ ಮೊಕದ್ದಮೆ ನಡೆಯುತ್ತಿತ್ತು; ಅದು ಇತ್ಯರ್ಥವಾದದ್ದು 2025ರ ಮಾರ್ಚ್‌ನಲ್ಲಿ, ಹೆಚ್ಚು ವೀಕ್ಷಕರನ್ನು ಸೆಳೆಯುವ ತಂಡಕ್ಕೆ ಹೆಚ್ಚು ಪಾಲು ಎಂಬ ಒಪ್ಪಂದದೊಂದಿಗೆ. ದುಡ್ಡಿಲ್ಲವೆಂದು ಕೋರ್ಟಿಗೆ ಹೋದ ಸಂಸ್ಥೆ 6 ಕೋಟಿ ಡಾಲರ್ ತೆತ್ತು ಕೋಚ್‌ನನ್ನು ಕಳಿಸುವುದು ಕಷ್ಟವಿತ್ತು. ಬದಲಿಗೆ ನೋರ್ವೆಲ್ ಅವರೇ ತಮ್ಮ ಸಂಬಳದಲ್ಲಿ 45 ಲಕ್ಷ ಡಾಲರನ್ನು ಕ್ರೀಡಾ ವಿಭಾಗದ ನಿಧಿಗೆ ಬಿಟ್ಟುಕೊಟ್ಟರು.

ಇಲ್ಲಿಯೇ ಈ ವ್ಯವಸ್ಥೆಯ ಮೂಲ ದೋಷ ಇದೆ ಎಂದು ನನಗನಿಸುತ್ತದೆ. ಆಟಗಾರನ ನಂಟು ಈಗ ವಾಸ್ತವದಲ್ಲಿ ಒಂದು ವರ್ಷದ್ದು. ಕೋಚ್‌ನ ಒಪ್ಪಂದ ಏಳೆಂಟು ವರ್ಷಗಳದ್ದು. ಒಂದೇ ಚಳಿಗಾಲದಲ್ಲಿ ಅರ್ಧ ತಂಡ ಬದಲಾಗಬಹುದಾದಾಗ ಹಿಂದಿನ ವರ್ಷದ ಫಲಿತಾಂಶ ಮುಂದಿನದರ ಬಗ್ಗೆ ಹೇಳುವುದು ಕಡಿಮೆ. ಆದರೂ ಒಪ್ಪಂದಗಳನ್ನು ಬರೆಯುವುದು ಆ ಹಿಂದಿನ ವರ್ಷದ ಫಲಿತಾಂಶವನ್ನೇ ನೋಡಿ, ಅದೂ ಇನ್ನೊಂದು ವಿಶ್ವವಿದ್ಯಾಲಯ ಕರೆದೊಯ್ದೀತೆಂಬ ಭಯದ ಗಳಿಗೆಯಲ್ಲಿ. ಕೋಚ್‌ಗಳ ಏಜೆಂಟರಿಗೆ ಇದು ಚೆನ್ನಾಗಿ ಗೊತ್ತು. ಫ್ಲಾರಿಡಾ ಸ್ಟೇಟ್ ಬಿಟ್ಟು ಟೆಕ್ಸಸ್ ಎ ಆಂಡ್ ಎಂ ಸೇರಿದ್ದ ಜಿಂಬೊ ಫಿಶರ್ ಅವರನ್ನು 2023ರಲ್ಲಿ ಕಳಿಸಲು ಆ ಸಂಸ್ಥೆಗೆ ತಗುಲಿದ ಹೊಣೆ ಸುಮಾರು 7.6 ಕೋಟಿ ಡಾಲರ್. 2025ರ ಅಕ್ಟೋಬರ್ ಒಂದರಲ್ಲೇ ಪೆನ್ ಸ್ಟೇಟ್ ಜೇಮ್ಸ್ ಫ್ರಾಂಕ್ಲಿನ್ ಅವರನ್ನು, ಫ್ಲಾರಿಡಾ ಬಿಲ್ಲಿ ನೇಪಿಯರ್ ಅವರನ್ನು, ಎಲ್‌ಎಸ್‌ಯು ಬ್ರಯಾನ್ ಕೆಲ್ಲಿ ಅವರನ್ನು ತೆಗೆದುಹಾಕಿದವು. ಕೆಲ್ಲಿ ಒಬ್ಬರ ಒಪ್ಪಂದದಲ್ಲೇ 5 ಕೋಟಿ ಡಾಲರ್‌ಗೂ ಹೆಚ್ಚು ಬಾಕಿಯಿತ್ತು.

ಪೋರ್ಟಲ್ ಇರುವುದೇ ಹೀಗೆ, ಅದನ್ನು ನಂಬಿದವರು ಕೆಡುತ್ತಾರೆ ಎಂದು ಇದರಿಂದ ತೀರ್ಮಾನಿಸಿದರೆ ಇಂಡಿಯಾನಾ ಅದನ್ನು ಸುಳ್ಳಾಗಿಸುತ್ತದೆ. ಕಾಲೇಜು ಫುಟ್‌ಬಾಲ್‌ನ ಇತಿಹಾಸದಲ್ಲೇ ಅತಿ ಹೆಚ್ಚು ಸೋತ ತಂಡಗಳಲ್ಲಿ ಒಂದೆನಿಸಿದ್ದ ಇಂಡಿಯಾನಾ 2023ರಲ್ಲಿ ಬರೀ ಮೂರು ಪಂದ್ಯ ಗೆದ್ದಿತ್ತು. ಹೊಸ ಕೋಚ್ ಕರ್ಟ್ ಸಿಗ್ನೆಟಿ ತಾವು ಹಿಂದೆ ಇದ್ದ ಜೇಮ್ಸ್ ಮ್ಯಾಡಿಸನ್‌ನಿಂದ ತಮ್ಮ ಪದ್ಧತಿ ಬಲ್ಲ ಆಟಗಾರರನ್ನೂ ಸಹಾಯಕರನ್ನೂ ಕರೆತಂದರು. 2024ರಲ್ಲಿ 11 ಗೆಲುವು, 2025ರಲ್ಲಿ ಆಡಿದ 16ರಲ್ಲಿ 16. ಅಂತಿಮ ಪಂದ್ಯದಲ್ಲಿ ಸೋತದ್ದು, ಫ್ಲಾರಿಡಾ ಸ್ಟೇಟ್ ಬೆಂಬಲಿಗರಿಗೆ ಇದೂ ಒಂದು ಸಂಕಟ, ಅವರ ಬದ್ಧ ಎದುರಾಳಿ ಮಯಾಮಿ. ಅದೇ ಮಾರುಕಟ್ಟೆ, ಅದೇ ನಿಯಮ. ಸಿಗ್ನೆಟಿ ಹುಡುಕಿದ್ದು ಬೇರೆಡೆ ಹಲವು ಪಂದ್ಯ ಆಡಿ ತೋರಿಸಿದ್ದವರನ್ನು, 2022ರಲ್ಲಿ ನೋರ್ವೆಲ್ ಹುಡುಕಿದಂತೆಯೇ. ದಾರಿ ನೋರ್ವೆಲ್ ಅವರಿಗೆ ಗೊತ್ತಿತ್ತು, ಹೆಸರು ಮತ್ತು ಹಣ ಎರಡೂ ಬಂದ ವರ್ಷ ಅದನ್ನು ಬಿಟ್ಟರು.

2025ರ ಋತು ಆರಂಭವಾದ ರೀತಿ ನೋಡಿದವರು ರೋಗ ವಾಸಿಯಾಯಿತೆಂದೇ ನಂಬಿದರು. ಆಗಸ್ಟ್ 30ರಂದು ಹೊಸ ಆಕ್ರಮಣ ಸಂಯೋಜಕ ಗಸ್ ಮಾಲ್ಜಾನ್ ಹೆಣೆದ ಓಟದಾಟದಿಂದ, ಕಾಸ್ಟೆಲಾನೋಸ್ ಮುಂದಾಳತ್ವದಲ್ಲಿ, ಅಲಬಾಮಾವನ್ನು 31–17ರಿಂದ ಸೋಲಿಸಿ ವಿದ್ಯಾರ್ಥಿಗಳು ಮೈದಾನಕ್ಕೆ ನುಗ್ಗಿದರು. ಸೆಪ್ಟೆಂಬರ್ ಕೊನೆಗೆ ವರ್ಜೀನಿಯಾದಲ್ಲಿ ಎರಡು ಹೆಚ್ಚುವರಿ ಅವಧಿಗಳ ಬಳಿಕ 46–38ರಿಂದ ಸೋತಲ್ಲಿಂದ ಇಳಿಜಾರು. ಮಯಾಮಿ, ಪಿಟ್ಸ್‌ಬರ್ಗ್, ಕೊನೆಗೆ ದುರ್ಬಲ ಸ್ಟ್ಯಾನ್‌ಫರ್ಡ್ ಕೂಡ ಸೋಲಿಸಿತು. ಈ ಬಾರಿ ಅಂಕಗಳ ಬರವಿರಲಿಲ್ಲ, ಓಟವೂ ಚೆನ್ನಾಗಿತ್ತು. ಕಾಡಿದ್ದು ಇನ್ನೊಂದು ಅಂಶ, ಅದಕ್ಕೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ: 2024ರಲ್ಲಿ ಎದುರಾಳಿಯ ಊರಿನಲ್ಲಿ ಆಡಿದ ನಾಲ್ಕನ್ನೂ, 2025ರಲ್ಲಿ ಐದನ್ನೂ ತಂಡ ಸೋತಿದೆ. 2023ರ ನವೆಂಬರ್‌ನಲ್ಲಿ ಗೇನ್ಸ್‌ವಿಲ್‌ನಲ್ಲಿ ಫ್ಲಾರಿಡಾ ವಿರುದ್ಧ ಗೆದ್ದದ್ದೇ ಹೊರ ಊರಿನ ಕೊನೆಯ ಗೆಲುವು. ಪ್ರತಿ ವರ್ಷ ಹೊಸದಾಗಿ ಕೂಡುವ ಗುಂಪು ತವರಿನ ಗದ್ದಲದಲ್ಲಿ ಉತ್ಸಾಹದಿಂದ ಆಡೀತು. ಬೇರೆ ಊರಿನಲ್ಲಿ, ನಾಲ್ಕನೆಯ ಕ್ವಾರ್ಟರಿನಲ್ಲಿ, ಹಿನ್ನಡೆಯಲ್ಲಿದ್ದಾಗ ಬೇಕಾದ ಪರಸ್ಪರ ಭರವಸೆ ಒಂದು ಬೇಸಿಗೆಯಲ್ಲಿ ಕಲಿಸುವಂಥದ್ದಲ್ಲ ಎಂಬುದು ನನ್ನ ಊಹೆ. ಅಂಕಿ ಅಂಶದಿಂದ ಇದನ್ನು ಸಾಬೀತುಪಡಿಸಲಾಗದು, ಆದರೆ ಒಂಬತ್ತಕ್ಕೆ ಒಂಬತ್ತು ಸೋಲನ್ನು ಕಾಕತಾಳೀಯವೆನ್ನುವುದೂ ಸುಲಭವಲ್ಲ.

ನವೆಂಬರ್‌ನಲ್ಲಿ ವಿಶ್ವವಿದ್ಯಾಲಯದ ಆಡಳಿತ ನೋರ್ವೆಲ್ ಅವರನ್ನು ಉಳಿಸಿಕೊಳ್ಳುವುದಾಗಿ ಪ್ರಕಟಿಸಿದಾಗ ಪರಿಹಾರದ ಮೊತ್ತ ಇನ್ನೂ 5 ಕೋಟಿ ಡಾಲರ್‌ಗೂ ಮೇಲಿತ್ತು. ಈ ನಡುವೆ ನಿಯಮಗಳು ಮತ್ತೆ ಬದಲಾಗಿವೆ. 2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ ಇತ್ಯರ್ಥದಂತೆ ವಿಶ್ವವಿದ್ಯಾಲಯಗಳೇ ಆಟಗಾರರಿಗೆ ನೇರವಾಗಿ ಹಣ ಕೊಡಬಹುದು, ಮೊದಲ ವರ್ಷಕ್ಕೆ ಎಲ್ಲ ಕ್ರೀಡೆಗಳಿಗೂ ಸೇರಿ ಒಂದು ಸಂಸ್ಥೆಗೆ 2.05 ಕೋಟಿ ಡಾಲರ್ ಮಿತಿ; ಫುಟ್‌ಬಾಲ್ ತಂಡದ ಗಾತ್ರ 105ಕ್ಕೆ ಸೀಮಿತ; ಪೋರ್ಟಲ್ ಕೂಡ 2026ರಿಂದ ಜನವರಿಯ ಎರಡು ವಾರ ಮಾತ್ರ ತೆರೆಯುತ್ತದೆ. ಒಬ್ಬ ಕೋಚ್‌ಗೆ ಕೊಡಬೇಕಾದ ಪರಿಹಾರ, ವಿಶ್ವವಿದ್ಯಾಲಯ ತನ್ನ ಎಲ್ಲ ಕ್ರೀಡಾಪಟುಗಳಿಗೆ ಎರಡು ವರ್ಷದಲ್ಲಿ ನೇರವಾಗಿ ಕೊಡಬಹುದಾದ ಹಣಕ್ಕಿಂತ ಹೆಚ್ಚು ಎಂಬ ಲೆಕ್ಕವನ್ನು ಆಡಳಿತದವರು ಹಾಕಿರದೆ ಇರಲಾರರು. ನೋರ್ವೆಲ್ ಅವರ ಒಪ್ಪಂದ 2031ರವರೆಗಿದೆ, ಪರಿಹಾರದ ಮೊತ್ತ ವರ್ಷ ಕಳೆದಂತೆ ಕರಗುತ್ತದೆ, 2026ರಲ್ಲೂ ಸೋಲುಗಳೇ ಹೆಚ್ಚಾದರೆ ಅದು ಭರಿಸಬಹುದಾದ ಮಟ್ಟಕ್ಕೆ ಇನ್ನಷ್ಟು ಹತ್ತಿರ ಬಂದಿರುತ್ತದೆ. ಆ ಋತುವಿನಲ್ಲಿ ತಂಡ ಅಲಬಾಮಾವನ್ನು ಎದುರಿಸಬೇಕಾದದ್ದು ಟಸ್ಕಲೂಸಾದಲ್ಲಿ, ಅಲಬಾಮಾದ ತವರಿನಲ್ಲಿ.